ಕಾಶಿ, ಪ್ರಯಾಗ, ಗಯಾ: ತಲೆಗೆ ಏಳೇ ಕಿಲೋ ಎಂದರೆ ಅಮ್ಮ ಒಪ್ಪುತ್ತಿಲ್ಲ

ಸಾಗರದ ಮಾಣಿ, ಬೆಂಗಳೂರು

ಮಾಘ ಮಾಸದಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ನಾಲ್ವರೂ ತ್ರಿಸ್ಥಳಿ ಯಾತ್ರೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನ. ಅಲ್ಲಿಂದ ಪ್ರಯಾಗಕ್ಕೆ ಟ್ಯಾಕ್ಸಿ, ಗಯಾಕ್ಕೆ ರೈಲು, ಮತ್ತೆ ಕಾಶಿಗೆ ಬಂದು ಅಲ್ಲಿಂದ ವಾಪಸು. ಚೆಕ್-ಇನ್ ಲಗೇಜ್ ಸೇರದ ಟಿಕೆಟ್ ತೆಗೆದುಕೊಂಡಿದ್ದೇನೆ. ಅಂದರೆ ತಲೆಗೆ 7 ಕಿಲೋದ ಒಂದು ಚೀಲ ಮಾತ್ರ. ಬರೀ ದುಡ್ಡು ಉಳಿಸುವ ಆಸೆಯಿಂದಲ್ಲ, ಅದೂ ಇದೆ ಎನ್ನಿ. ಅಪ್ಪನಿಗೆ ಮಂಡಿ ನೋವು. ಅವರ ಕೈಗೆ ಚೀಲ ಕೊಡುವ ಹಾಗಿಲ್ಲ, ಹಾಗಾಗಿ ನಾಲ್ವರ ಸಾಮಾನು ಇಬ್ಬರ ಹೆಗಲ ಮೇಲೆ ಬೀಳುತ್ತದೆ.

ಸಮಸ್ಯೆ ಇರುವುದು ಅಮ್ಮನ ಪಟ್ಟಿಯಲ್ಲಿ. ಉಡುವ ಸೀರೆಗಳು ಬೇರೆ, ಮಡಿಯ ಸೀರೆಗಳು ಬೇರೆ. ಪ್ರಯಾಗದಲ್ಲಿ ವೇಣಿದಾನಕ್ಕೆಂದು, ಅಂದರೆ ಸಂಗಮದಲ್ಲಿ ಜಡೆಯ ತುದಿ ಅರ್ಪಿಸುವ ವಿಧಿಗೆಂದು, ಬಾಗಿನದ ಸಾಮಾನು. ದಾರಿಗೆ ಚಕ್ಕುಲಿ, ಗೊಜ್ಜವಲಕ್ಕಿ, ಒಂದು ಭರಣಿ ಮಾವಿನ ಮಿಡಿ. ಪೂಜೆಗೆ ಕರ್ಪೂರ, ಬತ್ತಿ, ಬೆಂಕಿಪೊಟ್ಟಣ. ಅಪ್ಪನದು ಕವಳದ ಸಂಚಿ ಒಂದೇ, ಆದರೆ ಅದರೊಳಗೆ ಅಜ್ಜನ ಕಾಲದ ಅಡಕತ್ತರಿ ಇದೆ. ಇಂಗ್ಲಿಷ್ ವಿಡಿಯೋಗಳನ್ನು ನೋಡಿದೆ. ಮೂರು ಟೀ ಶರ್ಟ್ ಸುರುಳಿ ಸುತ್ತುವುದು ಹೇಗೆ ಎಂದು ಹೇಳುತ್ತಾರೆಯೇ ಹೊರತು ಮಾವಿನ ಮಿಡಿಗೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ.


ಗಾಲಿ ವಿರೋಧಿ, ಮೈಸೂರು

ಬಟ್ಟೆಯ ಮಾತು ಆಮೇಲೆ. ಮೊದಲು ಚೀಲವನ್ನೇ ತೂಗಿ. ಗಾಲಿ, ಹಿಡಿಕೆ ಇರುವ ಗಟ್ಟಿ ಕವಚದ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಏಳರಲ್ಲಿ ಮೂರು ಹೋದರೆ ಉಳಿಯುವುದು ನಾಲ್ಕು! ಬೆನ್ನಿಗೆ ಹಾಕುವ ಸಾಧಾರಣ ಬಟ್ಟೆಯ ಚೀಲ ಒಂದು ಕಿಲೋ ಆಸುಪಾಸು ಇರುತ್ತದೆ. ಈ ಒಂದು ಬದಲಾವಣೆಯಿಂದ ತಲಾ ಎರಡು ಕಿಲೋ ಗಿಟ್ಟಿತು. ಅಮ್ಮನ ಸೀರೆಗೆ ಕೈಹಾಕುವ ಮೊದಲು ಇದನ್ನು ಮಾಡಿ.

ಎರಡನೆಯದು, ಕಾಶಿಯ ಗಲ್ಲಿಗಳು. ಘಾಟಿನ ಹತ್ತಿರ ವಸತಿ ಹಿಡಿದಿದ್ದರೆ ಟ್ಯಾಕ್ಸಿ ದೊಡ್ಡ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಕಲ್ಲು ಹಾಸಿದ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ. ನಡುವೆ ಹಸು, ಸಗಣಿ, ಬೈಕು. ಮೆಟ್ಟಿಲು ಹತ್ತು ಹತ್ತಾಗಿ ಇಳಿಯುತ್ತವೆ, ಏರುತ್ತವೆ. ಅಲ್ಲಿ ಗಾಲಿ ಉರುಳುವುದಿಲ್ಲ, ಟ್ರಾಲಿಯನ್ನು ಎತ್ತಿಕೊಂಡೇ ನಡೆಯಬೇಕು. ಎತ್ತುವುದೇ ಹಣೆಬರಹವಾದ ಮೇಲೆ ಅದನ್ನು ಬೆನ್ನ ಮೇಲೆ ಎತ್ತಿದರೆ ಕೈಯಾದರೂ ಬಿಡುವಾಗಿರುತ್ತದೆ, ಅಪ್ಪನನ್ನು ಹಿಡಿದುಕೊಳ್ಳಲು ಬರುತ್ತದೆ.


ಹದಿನೈದು ಕಿಲೋ ಸುಖ, ದಾವಣಗೆರೆ

ನನಗೆ ಈ ವ್ರತವೇ ಅರ್ಥವಾಗುವುದಿಲ್ಲ. ಜೀವಮಾನದಲ್ಲಿ ಒಮ್ಮೆ ಮಾಡುವ ಯಾತ್ರೆ. ಹಿರಿಯರು ಆಸೆಪಟ್ಟು ಕಟ್ಟಿಕೊಂಡಿದ್ದನ್ನು ಬಿಚ್ಚಿಸಿ ತಕ್ಕಡಿಗೆ ಹಾಕುವುದೇಕೆ? ಇನ್ನೊಂದಿಷ್ಟು ಕೊಟ್ಟರೆ 15 ಕಿಲೋ ಲಗೇಜ್ ಸಿಗುತ್ತದೆ. ಬೆಂಗಳೂರಿನಲ್ಲಿ ಕೊಟ್ಟು ವಾರಾಣಸಿಯಲ್ಲಿ ತೆಗೆದುಕೊಳ್ಳಿ, ಹೊರುವುದಕ್ಕೆ ಕೂಲಿಯವರಿದ್ದಾರೆ. ಹಗುರ ಪ್ರಯಾಣ ಎನ್ನುವುದು ಒಂಟಿಯಾಗಿ ಬೆಟ್ಟ ಹತ್ತುವ ಹುಡುಗರ ಶೋಕಿ. ಸಂಸಾರಸ್ಥರಿಗೆ ಅದು ಹೇಳಿದ್ದಲ್ಲ.


ಸಾಗರದ ಮಾಣಿ, ಬೆಂಗಳೂರು

ಸರ್, ವಿಮಾನ ಒಂದೇ ಆಗಿದ್ದರೆ ನಿಮ್ಮ ಮಾತಿಗೆ ನನ್ನದೂ ಒಂದು ಸಹಿ. ವಾರಾಣಸಿಯಿಂದ ಪ್ರಯಾಗ ನೂರಿಪ್ಪತ್ತು ಕಿಲೋಮೀಟರ್ ಮೇಲೆ, ಗಯಾ ಇನ್ನೂರೈವತ್ತರ ಹತ್ತಿರ. ಪ್ರತಿ ಊರಿನಲ್ಲೂ ಕಟ್ಟು, ಬಿಚ್ಚು, ಇಳಿಸು, ಏರಿಸು. ಚಳಿಗಾಲದ ಮಂಜಿನಲ್ಲಿ ರೈಲು ಎಷ್ಟು ಹೊತ್ತಿಗೆ ಬರುತ್ತದೋ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೋ. ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿತೆಂದರೆ ಮೇಲ್ಸೇತುವೆ ಹತ್ತಿ ಇಳಿಯುವಾಗ ಕೂಲಿಯವರನ್ನು ಹುಡುಕುತ್ತ ನಿಲ್ಲಲು ಆಗುವುದಿಲ್ಲ.


ಜಂಗಮವಾಡಿ ಯಾತ್ರಿಕ, ಕಲಬುರಗಿ

ನಮ್ಮ ಕಡೆಯವರು ಕಾಶಿಗೆ ಹೋದರೆ ಬಹುಪಾಲು ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿಯೇ ಇಳಿಯುತ್ತಾರೆ. ನಿಮ್ಮವರು ಹನುಮಾನ್ ಘಾಟ್ ಕಡೆ ಹೋಗಬಹುದು. ಅಲ್ಲೇ ಪಕ್ಕದಲ್ಲಿ ಕರ್ನಾಟಕ ಘಾಟ್ ಕೂಡ ಇದೆ, ಸುತ್ತಮುತ್ತ ದಕ್ಷಿಣದವರ ಊಟ ಸಿಗುತ್ತದೆ. ಎಲ್ಲಿ ಇಳಿದರೂ ಮೊದಲೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಹೊದಿಕೆ, ರಗ್ಗು ಕೊಡುತ್ತೀರಾ? ಬಿಸಿನೀರು ಉಂಟೇ? ಎರಡಕ್ಕೂ ಹೌದು ಎಂದರೆ ಜಮಖಾನೆ, ಬೆಡ್‌ಶೀಟ್, ನೀರು ಕಾಯಿಸುವ ಕಾಯಿಲ್ ಎಲ್ಲವೂ ಮನೆಯಲ್ಲೇ ಉಳಿಯುತ್ತವೆ. ನಾವು ಹೊರಟಾಗ ಅತ್ತೆಯವರ ಗಂಟಿನ ಅರ್ಧ ಭಾಗ ಇಂಥದ್ದೇ ಇತ್ತು. ಒಂದು ಫೋನಿನಿಂದ ಗಂಟು ಅರ್ಧವಾಯಿತು.

ತಿಂಡಿಗೆ ನಮ್ಮ ಕಡಕ್ ರೊಟ್ಟಿಯನ್ನು ಮೀರಿಸಿದ್ದು ಇಲ್ಲ. ಹಗುರ, ವಾರಗಟ್ಟಲೆ ಕೆಡುವುದಿಲ್ಲ, ಎಣ್ಣೆ ಜಿನುಗುವುದಿಲ್ಲ. ಜೊತೆಗೆ ಒಂದು ಸಣ್ಣ ಪೊಟ್ಟಣ ಶೇಂಗಾ ಚಟ್ನಿ. ಒಡೆದು ಚೂರಾದರೂ ಚಿಂತೆಯಿಲ್ಲ, ಮೊಸರು ಹಾಕಿ ಕಲಸಿದರೆ ಊಟವೇ ಆಯಿತು. ಕಾಶಿಯ ಮೊಸರಿನ ರುಚಿ ನೀವೇ ನೋಡುತ್ತೀರಿ.

ಇನ್ನೊಂದು ಮಾತು. ವಿಶ್ವನಾಥನ ಗುಡಿಯೊಳಗೆ ಮೊಬೈಲ್, ಚೀಲ ಯಾವುದನ್ನೂ ಬಿಡುವುದಿಲ್ಲ, ಲಾಕರಿನಲ್ಲಿ ಇಡಬೇಕು. ಇಡುವ ಸಾಮಾನು ಕಡಿಮೆ ಇದ್ದಷ್ಟೂ ದೇವರ ಮುಂದೆ ನಿಂತಾಗ ಮನಸ್ಸು ಲಾಕರಿನ ಕಡೆ ಓಡುವುದು ಕಡಿಮೆ.


ಎಕ್ಸ್-ರೇ ಕಣ್ಣು, ದೇವನಹಳ್ಳಿ

ವಿಮಾನ ನಿಲ್ದಾಣದ ಭದ್ರತಾ ಸಾಲಿನಲ್ಲಿ ಪ್ರಯಾಣಿಕರಿಗೆ ನೆರವಾಗುವ ಕೆಲಸದಲ್ಲಿ ಕೆಲಕಾಲ ಇದ್ದೆ. ನಿಮ್ಮ ಪಟ್ಟಿಯಲ್ಲಿ ಯಾವುದು ಟ್ರೇಯಿಂದ ಆಚೆ ಹೋಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕರ್ಪೂರ ಮತ್ತು ಬೆಂಕಿಪೊಟ್ಟಣ: ಎರಡೂ ಇಲ್ಲ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು, ಕೈಚೀಲಕ್ಕೂ ಸಲ್ಲದು, ಚೆಕ್-ಇನ್ ಲಗೇಜಿಗೂ ಸಲ್ಲದು. ಕಾಶಿಯಲ್ಲಿ ಹೆಜ್ಜೆಗೊಂದು ಪೂಜಾ ಸಾಮಾನಿನ ಅಂಗಡಿ ಇರುವಾಗ ಬೆಂಗಳೂರಿನ ಕರ್ಪೂರಕ್ಕೆ ಏನು ವಿಶೇಷ? ಅಡಕತ್ತರಿ: ಖಂಡಿತ ಹಿಡಿಯುತ್ತಾರೆ. ಅಜ್ಜನ ಕಾಲದ್ದು ಎಂದಿರಲ್ಲ, ದಯವಿಟ್ಟು ಮನೆಯಲ್ಲೇ ಬಿಡಿ, ತೆಗೆದಿಟ್ಟ ಮೇಲೆ ಮರಳಿ ಸಿಗುವುದು ಕಷ್ಟ. ಅಡಿಕೆಯನ್ನು ಮನೆಯಲ್ಲೇ ಹೋಳು ಮಾಡಿ ಡಬ್ಬಿಗೆ ತುಂಬಿಸಿ. ಎಲೆಯ ಚಿಂತೆ ಬೇಡ, ಬನಾರಸಿನ ಎಲೆಗೆ ಮಲೆನಾಡಿನವರೂ ತಕರಾರು ತೆಗೆಯಲಾರರು.

ಉಪ್ಪಿನಕಾಯಿಯ ಭರಣಿ: ಕೈಚೀಲದಲ್ಲಿ ಬೇಡವೇ ಬೇಡ. ಎಣ್ಣೆ, ರಸ ಇರುವ ಪದಾರ್ಥಕ್ಕೆ ದ್ರವದ ಲೆಕ್ಕವೇ, 100 ಮಿಲಿಲೀಟರ್ ಮೀರಬಾರದು. ಪುಳಿಯೋಗರೆ ಗೊಜ್ಜು, ತುಪ್ಪ, ಜೇನುತುಪ್ಪ ಎಲ್ಲ ಅದೇ ಗುಂಪು.

ಕೊಬ್ಬರಿಯ ಮಾತು ನೀವು ಎತ್ತಲಿಲ್ಲ, ಆದರೆ ಬಂದೇ ಬರುತ್ತದೆ. ಹೆಣ್ಣುಮಕ್ಕಳಿಗೆ ತವರಿನಲ್ಲಿ ಮಡಿಲು ತುಂಬಿ ಕಳುಹಿಸುತ್ತಾರಲ್ಲ, ಅಕ್ಕಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ, ಅದರ ಮೇಲೊಂದು ಕೊಬ್ಬರಿ ಗಿಟುಕು. ಆ ಗಿಟುಕಿನಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಬಿಸಿಯೇರುವ ಸ್ವಭಾವದ ವಸ್ತು ಎಂದು ಅಂತರರಾಷ್ಟ್ರೀಯ ನಿಯಮದಲ್ಲೇ ಅದು ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿದೆ. ಪರದೆಯ ಮೇಲೆ ಅರ್ಧಗೋಲದ ಆಕಾರ ಕಂಡ ಕೂಡಲೇ ಚೀಲ ಪಕ್ಕಕ್ಕೆ ಬರುತ್ತದೆ. ಒಮ್ಮೆ ಒಬ್ಬ ಬಾಣಂತಿಯ ಮಡಿಲಕ್ಕಿಯಿಂದ ಗಿಟುಕನ್ನು ಬೇರೆ ಮಾಡಬೇಕಾಯಿತು. ಆಕೆಯ ತಾಯಿ ಗಾಜಿನ ಆಚೆ ಇನ್ನೂ ಕೈಬೀಸುತ್ತ ನಿಂತಿದ್ದರು. ಗಂಟು ಬಿಚ್ಚಿದ ಸಿಬ್ಬಂದಿ ಬಿಹಾರದ ಹುಡುಗ, ಅವನಿಗೂ ಅದು ಏನೆಂದು ಗೊತ್ತಿತ್ತು. ಅಕ್ಕಿಯ ಒಂದು ಕಾಳೂ ಚೆಲ್ಲದ ಹಾಗೆ ಮತ್ತೆ ಕಟ್ಟಿಕೊಟ್ಟ. ಮನೆಯಲ್ಲೇ ಗಿಟುಕಿನ ಜಾಗಕ್ಕೆ ಒಂದು ಅಚ್ಚು ಬೆಲ್ಲ ಇಟ್ಟಿದ್ದರೆ ಯಾರ ಕಣ್ಣೂ ಒದ್ದೆಯಾಗುತ್ತಿರಲಿಲ್ಲ.


ಅಯ್ಯಪ್ಪ ಮಾಲೆ, ತುಮಕೂರು

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಇರುಮುಡಿಯ ತೆಂಗಿನಕಾಯಿಗೆ ಮಾತ್ರ ವಿನಾಯಿತಿ ಕೊಟ್ಟದ್ದುಂಟು. 2024ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆಯವರು ಶಬರಿಮಲೆಯ ಯಾತ್ರಿಕರು ತುಪ್ಪ ತುಂಬಿದ ಕಾಯಿಯನ್ನು ಕೈಚೀಲದಲ್ಲೇ ಒಯ್ಯಬಹುದು ಎಂದರು, 2025ರ ಜನವರಿ 20ರವರೆಗೆ. ಅದು ಆ ಋತುವಿನ ಮಟ್ಟಿಗೆ ಕೊಟ್ಟದ್ದು. ಪ್ರತಿ ವರ್ಷ ಹೊರಡುವ ಮೊದಲು ಆ ವರ್ಷದ ಆದೇಶ ನೋಡಿಕೊಳ್ಳಬೇಕು. ಕಾಶಿಗೆ ಹೋಗುವವರಿಗೆ ಅದು ಅನ್ವಯಿಸುವುದಿಲ್ಲ.


ನಾರು ಮಡಿ, ಉಡುಪಿ

ಎಲ್ಲ ಗಂಡಸರೇ ಸೇರಿ ಒಬ್ಬ ಹೆಂಗಸಿನ ಸೀರೆ ಎಣಿಸುತ್ತಿದ್ದೀರಿ. ನಾನೂ ಒಂದು ಮಾತು ಹೇಳುತ್ತೇನೆ, ನನಗೂ ಎಪ್ಪತ್ತು ಹತ್ತಿರ ಬಂತು.

ಮಾಣಿ, ಅಮ್ಮನಿಗೆ ‘ಸೀರೆ ಕಡಿಮೆ ಮಾಡು’ ಎನ್ನಬೇಡ. ಅವರ ಲೆಕ್ಕ ಎಲ್ಲಿಂದ ಬಂತು ಎಂದು ಕೇಳು. ಮಡಿ ಸೀರೆ ದಿನವೂ ಒಗೆದು ಒಣಗಬೇಕು, ಆ ಚಳಿಯಲ್ಲಿ ಒಣಗುವುದಿಲ್ಲ, ಹಾಗಾಗಿ ದಿನಕ್ಕೊಂದರಂತೆ ಬೇಕು. ಇದೇ ಅವರ ಲೆಕ್ಕ ಇರಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಹತ್ತಿ ಸೀರೆ ಮಾಘದ ಮಂಜಿನಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ಅಂಚು ಹಸಿಯಾಗಿಯೇ ಇರುತ್ತದೆ.

ಉಪಾಯ ಹಳೆಯದೇ. ಒಂದು ತೆಳು ರೇಷ್ಮೆ ಸೀರೆ, ಜರಿ ಕಡಿಮೆ ಇರುವುದು. ಪಟ್ಟೆಯಾದರೆ ದಿನಾ ಒಗೆಯದೆಯೂ ಮಡಿಗೆ ಬರುತ್ತದೆ, ನಮ್ಮ ಹಿರಿಯರು ಯಾತ್ರೆಯಲ್ಲಿ ಇದನ್ನೇ ಮಾಡುತ್ತಿದ್ದರು. ಅಪ್ಪನಿಗೆ ಒಂದು ಮಗುಟ, ಅಂದರೆ ಮಡಿಯ ರೇಷ್ಮೆ ಪಂಚೆ. ಮದುವೆಗೆ ಉಡುವ ಭಾರಿ ಜರಿಯ ಸೀರೆ ಒಂದೊಂದೇ ಮುಕ್ಕಾಲು, ಒಂದು ಕಿಲೋ ತೂಗುತ್ತದೆ, ಅದು ಬೇಡ. ಸ್ನಾನಕ್ಕೆ ಹಳೆಯ ಸಿಂಥೆಟಿಕ್ ಸೀರೆ ಒಂದು. ಗಂಗೆಯಲ್ಲಿ ಮುಳುಗಿ ಎದ್ದಾಗ ಹತ್ತಿ ಸೀರೆ ಮೈಗೆ ಕಟ್ಟಿದ ಕಲ್ಲಿನ ಹಾಗೆ ಎಳೆಯುತ್ತದೆ, ಮೆಟ್ಟಿಲು ಪಾಚಿ ಹಿಡಿದಿರುತ್ತದೆ. ಸಿಂಥೆಟಿಕ್ ಆದರೆ ಹಿಂಡಿ ಕೊಡವಿದರೆ ಸಾಕು, ಮಧ್ಯಾಹ್ನಕ್ಕೆ ಒಣಗುತ್ತದೆ. ಉಳಿದಂತೆ ಉಟ್ಟದ್ದೊಂದು, ಚೀಲದಲ್ಲಿ ಎರಡು. ರವಿಕೆ ಮಾತ್ರ ಜಾಸ್ತಿ ಇರಲಿ, ಅದಕ್ಕೆ ತೂಕವಿಲ್ಲ. ಲಂಗ ಎರಡೇ ಸಾಕು.

ಟವೆಲಿನ ಬದಲು ಬೈರಾಸು, ಅಂದರೆ ತೆಳು ಹತ್ತಿಯ ಮೈ ಒರೆಸುವ ವಸ್ತ್ರ, ತೆಗೆದುಕೊಂಡು ಹೋಗಿ. ದಪ್ಪ ಟರ್ಕಿ ಟವೆಲ್ ಒಂದರ ತೂಕಕ್ಕೆ ಮೂರು ಬೈರಾಸು ಬರುತ್ತವೆ. ಒದ್ದೆ ಬಟ್ಟೆಯನ್ನು ಒಣ ಬೈರಾಸಿನೊಳಗೆ ಸುರುಳಿ ಸುತ್ತಿ, ಎರಡೂ ತುದಿ ಹಿಡಿದು ಇಬ್ಬರು ಹಿಂಡಿದರೆ ಅರ್ಧ ನೀರು ಅಲ್ಲೇ ಹೋಯಿತು. ರಾತ್ರಿ ಫ್ಯಾನಿನ ಕೆಳಗೆ ಹರವಿದರೆ ಬೆಳಿಗ್ಗೆ ಸಿಗುತ್ತದೆ.

ಬಾಗಿನದ ಸಾಮಾನನ್ನು ಪ್ರಯಾಗದ ಪುರೋಹಿತರೇ ಒದಗಿಸುತ್ತಾರೆ. ಆದರೆ ಅಮ್ಮನಿಗೆ ತಾನೇ ಆರಿಸಿದ ರವಿಕೆ ಕಣ, ತಮ್ಮೂರಿನ ಅರಿಶಿನ ಕುಂಕುಮ ಇರಲಿ ಎಂಬ ಆಸೆ ಇರುತ್ತದೆ. ಅದನ್ನು ತೆಗೆದುಕೊಂಡು ಹೋಗಲಿ ಬಿಡು, ನೂರು ಗ್ರಾಮೂ ಇಲ್ಲ. ಮೊರ, ತೆಂಗಿನಕಾಯಿ, ಗಾಜಿನ ಬಳೆ ಅಲ್ಲಿ ಕೊಳ್ಳಿ. ಗಯಾದಲ್ಲಿ ಪಿಂಡಪ್ರದಾನಕ್ಕೂ ಹಾಗೆಯೇ, ಎಳ್ಳು, ದರ್ಭೆ, ಹಿಟ್ಟು ಎಲ್ಲ ಅವರೇ ಇಡುತ್ತಾರೆ.


ಹದಿನೈದು ಕಿಲೋ ಸುಖ, ದಾವಣಗೆರೆ

ಅಮ್ಮಾ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಇಷ್ಟೆಲ್ಲ ಉಪಾಯ ಹೂಡುವ ತಲೆನೋವಿಗಿಂತ ಲಗೇಜ್ ಶುಲ್ಕ ಅಗ್ಗ ಎಂಬುದು ಈಗಲೂ ನನ್ನ ಅಭಿಪ್ರಾಯ.


ಮಂಗಳೂರು ದುಬೈ ಮಂಗಳೂರು, ದೇರಾ

ತೂಕದ ಬಗ್ಗೆ ಅನುಭವದ ಮಾತು. ದೇಶದೊಳಗಿನ ಹಾರಾಟದಲ್ಲಿ ಎಷ್ಟೋ ಸಲ ಯಾರೂ ತೂಗುವುದಿಲ್ಲ, ಹಾಗಾಗಿ ಒಂಬತ್ತು ಕಿಲೋ ನಡೆಯುತ್ತದೆ ಎಂದು ಜನ ಧೈರ್ಯ ಹೇಳುತ್ತಾರೆ. ನಂಬಬೇಡಿ. ವಿಮಾನ ಭರ್ತಿ ಇದ್ದ ದಿನ ಗೇಟಿನ ಬಳಿಯೇ ತಕ್ಕಡಿ ಇಟ್ಟುಕೊಂಡು ನಿಂತಿರುತ್ತಾರೆ. ಕೊಲ್ಲಿಯ ದಾರಿಯಲ್ಲಿ ನಾವು ಇದನ್ನು ನೋಡುತ್ತಲೇ ಇದ್ದೇವೆ. ಗೇಟಿನಲ್ಲಿ ಕಟ್ಟುವ ಶುಲ್ಕ ಮೊದಲೇ ಕಾಯ್ದಿರಿಸಿದ್ದಕ್ಕಿಂತ ಬಹಳ ಹೆಚ್ಚು.

ಅಳತೆಯ ಕಡೆಗೂ ಗಮನವಿರಲಿ. ನಮ್ಮ ಸಂಸ್ಥೆಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 115 ಸೆಂಟಿಮೀಟರ್ ದಾಟಬಾರದು ಎಂಬುದು ಸಾಮಾನ್ಯ ನಿಯಮ. ಇಂಡಿಗೋದಲ್ಲಿ ಇದರ ಜೊತೆಗೆ ಹೆಂಗಸರ ಕೈಚೀಲ ಅಥವಾ ಸಣ್ಣ ಲ್ಯಾಪ್‌ಟಾಪ್ ಚೀಲವನ್ನು 3 ಕಿಲೋವರೆಗೆ ಬಿಡುತ್ತಾರೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಲೈಟ್’ ಟಿಕೆಟಿನಲ್ಲಿ ಮೊದಲೇ ಕೇಳಿಕೊಂಡರೆ ಕ್ಯಾಬಿನ್ನಿಗೆ 3 ಕಿಲೋ ಹೆಚ್ಚುವರಿ ಕೊಡುವ ಏರ್ಪಾಟು ತಂದಿದ್ದರು. ನಿಮ್ಮ ಟಿಕೆಟಿನಲ್ಲಿ ಏನು ಬರೆದಿದೆ ಎಂದು ಓದಿ.

ಮನೆಯಲ್ಲಿ ತೂಗಲು ಕೊಕ್ಕೆಯ ತಕ್ಕಡಿ ಇಲ್ಲದಿದ್ದರೆ ಮೈತೂಕ ನೋಡುವ ಯಂತ್ರದ ಮೇಲೆ ಚೀಲ ಹಿಡಿದು ನಿಲ್ಲಿ, ಆಮೇಲೆ ಚೀಲವಿಲ್ಲದೆ ನಿಲ್ಲಿ, ಕಳೆಯಿರಿ. ನೂರಿನ್ನೂರು ಗ್ರಾಂ ಆಚೀಚೆ ಆಗುತ್ತದೆ, ಆದ್ದರಿಂದ ಆರೂವರೆಗೇ ನಿಲ್ಲಿಸಿ.


ರೈನ್ ತೀರದ ಕನ್ನಡತಿ, ಕಲೋನ್

ಇಲ್ಲಿಯ ಅಗ್ಗದ ವಿಮಾನಗಳನ್ನು ನೋಡಿದರೆ ನಿಮ್ಮ 7 ಕಿಲೋ ರಾಜವೈಭೋಗ! ರಯಾನ್‌ಏರ್‌ನಲ್ಲಿ ಪುಕ್ಕಟೆ ಸಿಗುವುದು ಸೀಟಿನ ಕೆಳಗೆ ತೂರುವ ಸಣ್ಣ ಚೀಲ ಮಾತ್ರ. 2025ರಲ್ಲಿ ಅಳತೆ ಹಿಗ್ಗಿಸಿದ ಮೇಲೂ ಅದು 40×30×20 ಸೆಂಟಿಮೀಟರ್. ಈಸಿಜೆಟ್‌ನದು 45×36×20. ಇಲ್ಲಿ ತಕ್ಕಡಿಗಿಂತ ಹೆಚ್ಚಾಗಿ ಕಬ್ಬಿಣದ ಚೌಕಟ್ಟು ಇರುತ್ತದೆ, ಚೀಲ ಅದರೊಳಗೆ ಇಳಿದರೆ ಪಾಸು, ಇಲ್ಲದಿದ್ದರೆ ದುಡ್ಡು. ಅದರಿಂದ ಕಲಿತದ್ದು ಒಂದೇ, ಭಾರದ್ದೆಲ್ಲ ಮೈಮೇಲೆ. ಕೋಟು, ಬೂಟು, ದಪ್ಪ ಪ್ಯಾಂಟು ಹಾಕಿಕೊಂಡೇ ವಿಮಾನ ಹತ್ತುವುದು. ವಾರಾಣಸಿಯಲ್ಲಿ ಜನವರಿ ಬೆಳಗ್ಗೆ ಹತ್ತು ಡಿಗ್ರಿಗೂ ಕೆಳಗೆ ಇಳಿಯುತ್ತದೆ, ಸ್ವೆಟರ್ ಬೇಕೇ ಬೇಕು. ಅಪ್ಪ ಅಮ್ಮ ಸ್ವೆಟರ್, ಶಾಲು, ಕುಲಾವಿ, ಕಾಲುಚೀಲ ಎಲ್ಲ ಧರಿಸಿಯೇ ಮನೆ ಬಿಡಲಿ. ಬೆಂಗಳೂರಿನ ನಸುಕಿಗೂ ಅದು ಒಪ್ಪುತ್ತದೆ. ಸ್ವೆಟರಿನ ಜೇಬಿನಲ್ಲಿ ಚಾರ್ಜರ್, ಕನ್ನಡಕ, ಮಾತ್ರೆ ಸೇರಿಸಿದರೆ ಇನ್ನೊಂದು ಅರ್ಧ ಕಿಲೋ ಉಳಿಯಿತು.


ಮಾತ್ರೆ ಡಬ್ಬಿ, ಧಾರವಾಡ

ಔಷಧದಂಗಡಿ ನಡೆಸುವವನಾಗಿ ಒಂದೆರಡು ಸಾಲು. ಹಿರಿಯರ ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ಹಾಕಬೇಡಿ, ಹೆಸರು ಕಾಣುವ ಹಾಗೆ ಪಟ್ಟಿಯಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಮಂಜಿನಿಂದ ವಿಮಾನ ತಡವಾದರೆ ಎಂದು ಎರಡು ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದು ಯಾವತ್ತೂ ಕೈಚೀಲದಲ್ಲೇ ಇರಬೇಕು, ಕೆಳಗಿನ ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಕೆಟ್ಟುಹೋಯಿತು. ದಾವಣಗೆರೆಯವರು ಲಗೇಜ್ ಕೊಟ್ಟರೂ ಇದನ್ನು ಮಾತ್ರ ಕೊಡಬೇಡಿ.

ನೋವಿನ ಎಣ್ಣೆ ಬಾಟಲಿಯ ಬದಲು ಸಣ್ಣ ಮುಲಾಮಿನ ಟ್ಯೂಬ್ ಇರಲಿ. ಕೇರಳದ ತೈಲದ ದೊಡ್ಡ ಬಾಟಲಿಯನ್ನು ಭದ್ರತೆಯವರು ಬಿಟ್ಟರೂ ಮುಚ್ಚಳ ಬಿಡುವುದಿಲ್ಲ, ಬಟ್ಟೆಯೆಲ್ಲ ತೈಲ.


ಎರಡು ಬಾರಿ ಗುಣಿಸಿ, ಬೆಂಗಳೂರು

ಪವರ್ ಬ್ಯಾಂಕ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಕೊಡುವ ಹಾಗೇ ಇಲ್ಲ. ಮಿತಿ 100 ವ್ಯಾಟ್-ಅವರ್. ನಿಮ್ಮದರ ಮೇಲೆ 20,000 ಎಂಎಎಚ್ ಎಂದಿದ್ದರೆ ಅದನ್ನು ಸಾವಿರದಿಂದ ಭಾಗಿಸಿ 3.7 ವೋಲ್ಟಿನಿಂದ ಗುಣಿಸಿ, 74 ಬಂತು, ಚಿಂತೆಯಿಲ್ಲ. ಅಂಕಿ ಅಳಿಸಿಹೋದ ಹಳೆಯದನ್ನು ಒಯ್ಯಬೇಡಿ, ಓದಲು ಬಾರದಿದ್ದರೆ ತೆಗೆದಿಡುವ ಅಧಿಕಾರ ಅವರಿಗಿದೆ. 2025ರ ಜನವರಿಯಲ್ಲಿ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹೊತ್ತಿ ಉರಿದ ಮೇಲೆ ಎಲ್ಲೆಡೆ ಬಿಗಿ ಹೆಚ್ಚಾಗಿದೆ. ಎಮಿರೇಟ್ಸ್ ಅದೇ ವರ್ಷ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದನ್ನು ಬಳಸುವುದನ್ನೇ ನಿಲ್ಲಿಸಿತು. ಒಂದು ಸಂಸಾರಕ್ಕೆ ಒಂದು ಪವರ್ ಬ್ಯಾಂಕ್ ಸಾಕು, ತಲೆಗೊಂದು ಬೇಡ.


ಚಟ್ನಿಪುಡಿ ರಾಯಭಾರಿ, ನ್ಯೂಜೆರ್ಸಿ

ವಿಷಯ ಕಾಶಿಯದು, ಆದರೂ ಇಲ್ಲಿ ಓದುತ್ತಿರುವ ಅಮೆರಿಕದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಬರೀ ಕೈಚೀಲದಲ್ಲಿ ಇಲ್ಲಿಗೆ ಬರುವವರು ಪುಡಿಗಳ ಲೆಕ್ಕ ನೋಡಿಕೊಳ್ಳಬೇಕು. 2018ರ ಮಧ್ಯದಿಂದ, ಅಮೆರಿಕಕ್ಕೆ ಬರುವ ವಿಮಾನಗಳಲ್ಲಿ 350 ಮಿಲಿಲೀಟರ್ ಮೀರಿದ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆ, ಅನುಮಾನ ಬಗೆಹರಿಯದಿದ್ದರೆ ಒಳಗೆ ಬಿಡುವುದಿಲ್ಲ. ಅತ್ತೆ ಕೊಟ್ಟ ಹುಳಿಪುಡಿಯ ಒಂದು ಕಿಲೋ ಪೊಟ್ಟಣವನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವ ಸಾಹಸ ಬೇಡ. ಕರಿಬೇವಿನ ಸೊಪ್ಪಂತೂ ಹಸಿಯದಾದರೂ ಒಣಗಿದ್ದಾದರೂ ಬೇಡವೇ ಬೇಡ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬರುತ್ತದೆ ಎಂಬ ಕಾರಣಕ್ಕೆ ತಡೆ ಇದೆ.

100 ಮಿಲಿಲೀಟರ್ ದ್ರವದ ನಿಯಮಕ್ಕೂ ಹೀಗೊಂದು ಮೂಲ ಉಂಟು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ತುಂಬಿ ಉರುಳಿಸುವ ಸಂಚು ಬಯಲಾಯಿತು. ಅಂದಿನಿಂದ ಅಮ್ಮಂದಿರ ತುಪ್ಪಕ್ಕೆ ವನವಾಸ.


ಸಾಗರದ ಮಾಣಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮನೆಯಲ್ಲಿ ದುಂಡುಮೇಜಿನ ಸಭೆ ನಡೆಯಿತು. ಉಡುಪಿಯ ಅಮ್ಮನವರ ಉತ್ತರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಇಷ್ಟು ಹೊತ್ತೂ ನಾನು ಹೇಳಿದ್ದು ಇದನ್ನೇ ಅಲ್ಲವೇ’ ಎಂದರು. ಅವರು ಹೇಳಿರಲಿಲ್ಲ, ಆದರೆ ನಾನು ಸುಮ್ಮನಿದ್ದೆ.

ಈಗಿನ ಸ್ಥಿತಿ ಹೀಗಿದೆ. ಅಮ್ಮನ ಚೀಲ 6 ಕಿಲೋ 300 ಗ್ರಾಂ. ಅದರಲ್ಲಿ ಪಟ್ಟೆ ಸೀರೆ ಒಂದು, ಸ್ನಾನದ್ದು ಒಂದು, ಉಡಲು ಎರಡು. ಮಾವಿನ ಮಿಡಿಗೆ ಬದಲಾಗಿ ಒಣಗಿಸಿದ ಉಪ್ಪು ಮೆಣಸು, ರಾತ್ರಿ ಊಟಕ್ಕೆ ಕರಿದುಕೊಡಲು ಛತ್ರದವರಲ್ಲಿ ಕೇಳಿಕೊಳ್ಳುತ್ತಾರಂತೆ. ರವಿಕೆ ಕಣ ಒಂದು ಎಂದಿದ್ದು ಐದಾಗಿದೆ, ನಾನು ಎಣಿಸಿಲ್ಲದ ಹಾಗೆ ಇದ್ದೇನೆ. ಅಪ್ಪ ಅಡಕತ್ತರಿಯನ್ನು ಬಿಡಲು ಒಪ್ಪಿದರು, ಆದರೆ ಅಡಿಕೆ ಹೋಳು ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕಾಶಿಯಲ್ಲಿ ಏನನ್ನಾದರೂ ಬಿಟ್ಟು ಬರಬೇಕಲ್ಲ, ಹಾಗಲಕಾಯಿ ಬಿಡುತ್ತೇನೆ ಎಂದಿದ್ದಾರೆ. ಅದನ್ನು ಅವರು ಎಂದೂ ತಿಂದವರಲ್ಲ.

ನನಗೆ ಈಗ ಅರ್ಥವಾಗಿದ್ದು, ಹೋಗುವಾಗಿನ ತೂಕ ದೊಡ್ಡ ಸಮಸ್ಯೆಯೇ ಅಲ್ಲ. ನಮ್ಮ ನಾಲ್ವರ ಬಟ್ಟೆ ಬರೆ ಸೇರಿಸಿದರೂ ಚೀಲಗಳಲ್ಲಿ ಜಾಗವಿದೆ. ಭಾರ ಬರುವುದು ಊರಿನವರಿಂದ. ಪಕ್ಕದ ಮನೆಯವರಿಗೆ ಗಂಗೆ, ಚಿಕ್ಕಮ್ಮನಿಗೆ ಗಂಗೆ, ಶಾಸ್ತ್ರಿಗಳಿಗೆ ಗಂಗೆ. ಬಂದ ಮೇಲೆ ಗಂಗಾ ಸಮಾರಾಧನೆ ಮಾಡಬೇಕು, ಊಟಕ್ಕೆ ಬಂದವರಿಗೆಲ್ಲ ಏನಾದರೂ ಕೊಡಬೇಕು. ತಾಮ್ರದ ಗಿಂಡಿಗಳನ್ನು ಡಜನ್‌ಗಟ್ಟಲೆ ತರಬೇಕೆಂದು ಅಮ್ಮ ಈಗಾಗಲೇ ಮಾತು ಕೊಟ್ಟಾಗಿದೆ. ಹಿತ್ತಾಳೆಯ ಅನ್ನಪೂರ್ಣೆ ಒಂದು. ಹೆಂಡತಿಗೆ ಬನಾರಸಿ ಸೀರೆ, ಇದು ನನ್ನದೇ ಮಾತು. ವಾಪಸು ಬರುವಾಗಲೂ 7 ಕಿಲೋವೇ. ಇದಕ್ಕೇನು ಮಾಡಲಿ?


ಎಕ್ಸ್-ರೇ ಕಣ್ಣು, ದೇವನಹಳ್ಳಿ

ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಗಿಂಡಿಯ ಒಳಗೆ ಏನಿದೆ ಎಂದು ತೆರೆದು ತೋರಿಸಲು ಬರುವುದಿಲ್ಲ. ಒಂದೆರಡು ಇದ್ದರೆ ಕೇಳಿ ಬಿಡಬಹುದು, ಬಿಡದಿರಲೂಬಹುದು, ಡಜನ್ ಇದ್ದರೆ ಪಕ್ಕಕ್ಕೆ ನಿಲ್ಲುವುದು ಖಚಿತ. 100 ಮಿಲಿಲೀಟರ್ ಒಳಗಿನ ಪಾರದರ್ಶಕ ಸೀಸೆಯಲ್ಲಿ ನೀವೇ ತುಂಬಿಕೊಳ್ಳಿ, ಮುಚ್ಚಳಕ್ಕೆ ಟೇಪ್ ಸುತ್ತಿ. ಸಮಾರಾಧನೆಯ ದಿನ ದೊಡ್ಡ ಕೊಡದ ನೀರಿಗೆ ಒಂದು ಉದ್ಧರಣೆ ಗಂಗೆ ಬೆರೆಸಿ ತೀರ್ಥ ಕೊಡುವುದು ಎಲ್ಲರೂ ಮಾಡುವ ಪದ್ಧತಿಯೇ. ಮನೆಗೊಂದು ಸೀಸೆ ಬೇಕೇ ಬೇಕು ಎನ್ನುವವರಿಗೆ ಅಂಚೆ ಇಲಾಖೆ 2016ರಿಂದ ಗಂಗಾಜಲ ಮಾರುತ್ತಿದೆ, ಗಂಗೋತ್ರಿಯದು. ಕಾಶಿಯದೇ ಆಗಬೇಕೆಂದು ಹಟ ಹಿಡಿದರೆ ನನ್ನ ಹತ್ತಿರ ಉತ್ತರವಿಲ್ಲ.


ಗಾಲಿ ವಿರೋಧಿ, ಮೈಸೂರು

ಹಿತ್ತಾಳೆಯನ್ನು ಹೊರಬೇಡಿ. ಕಾಶಿಯ ಅಂಚೆ ಕಚೇರಿಯಿಂದ ಪಾರ್ಸೆಲ್ ಮಾಡಿ, ಅಂಗಡಿಯವರೇ ಒತ್ತಿ ಕಟ್ಟಿಕೊಡುತ್ತಾರೆ. ನೀವು ಊರು ತಲುಪಿದ ಕೆಲವು ದಿನಕ್ಕೆ ಅನ್ನಪೂರ್ಣೆಯೂ ತಲುಪುತ್ತಾಳೆ, ಸಮಾರಾಧನೆಯ ದಿನವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಉಟ್ಟು ಹಳೆಯದಾದ ಬಟ್ಟೆ ಇದ್ದರೆ ಅದೇ ಪೆಟ್ಟಿಗೆಯಲ್ಲಿ ಹಿತ್ತಾಳೆಗೆ ಮೆತ್ತೆಯಾಗಿ ತುರುಕಿ. ಚೀಲವೂ ಖಾಲಿಯಾಯಿತು, ವಿಗ್ರಹವೂ ಭದ್ರ. ಬನಾರಸಿಯನ್ನು ಮಾತ್ರ ಅಂಚೆಗೆ ಹಾಕಬೇಡಿ, ಕೈಯಲ್ಲೇ ತನ್ನಿ.


ಜಂಗಮವಾಡಿ ಯಾತ್ರಿಕ, ಕಲಬುರಗಿ

ಗಂಗೆಯನ್ನು ಕೊಡುವ ಲೆಕ್ಕ ಹಿಡಿದರೆ ನೀವು ಟ್ರಕ್ಕೇ ತರಬೇಕಾಗುತ್ತದೆ. ಊಟಕ್ಕೆ ಬಂದವರಿಗೆ ಕಾಶಿ ದಾರ ಕೊಡಿ. ಕಾಲಭೈರವನ ಗುಡಿಯ ಹತ್ತಿರ ಕಟ್ಟು ಕಟ್ಟಾಗಿ ಸಿಗುತ್ತದೆ, ಕಪ್ಪು ದಾರವೂ ಇದೆ, ಬಣ್ಣದ್ದೂ ಇದೆ. ಇಡೀ ಊರಿಗೆ ಸಾಲುವಷ್ಟು ಕೊಂಡರೂ ಸ್ವೆಟರಿನ ಒಂದು ಜೇಬು ತುಂಬುವುದಿಲ್ಲ. ಅಮ್ಮನಿಗೆ ಈ ವಿಷಯ ಹೊರಡುವ ಮೊದಲೇ ಹೇಳಿಬಿಡಿ, ಅಲ್ಲಿ ಗಿಂಡಿ ಅಂಗಡಿಯ ಮುಂದೆ ನಿಂತಾಗ ಹೇಳಿದರೆ ನಡೆಯುವುದಿಲ್ಲ.


ನಾರು ಮಡಿ, ಉಡುಪಿ

ದಾರ ಸರಿ. ಆದರೆ ಶಾಸ್ತ್ರಿಗಳಿಗೆ ಒಂದು ಗಿಂಡಿ ಗಂಗೆ ಇರಲೇಬೇಕು, ಅದನ್ನು ಲೆಕ್ಕದಿಂದ ತೆಗೆಯಬೇಡ ಮಾಣಿ.


ಸಾಗರದ ಮಾಣಿ, ಬೆಂಗಳೂರು

ಆಯಿತು ಅಮ್ಮಾ. ಗಿಂಡಿ ಒಂದು, ದಾರ ಐನೂರು. ಅಮ್ಮನಿಗೆ ಇವತ್ತೇ ಹೇಳುತ್ತೇನೆ, ನಾಳೆಯೊಳಗೆ ಐನೂರು ಸಾವಿರವಾಗಿರುತ್ತದೆ.